ಕನ್ನಡಕದವನ ಕಡೆಯವರು

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಹೋದ ವರ್ಷ ಬಸ್ಸಿನಿಂದ ಇಳಿಯುವಾಗ ಕಾಲು ಹೊರಳಿ ಮೂಳೆ ಬಿರುಕುಬಿಟ್ಟು, ಬಸವನಗುಡಿಯ ಮನೆಯಲ್ಲಿ ಆರು ವಾರ ಪ್ಲಾಸ್ಟರ್ ಹಾಕಿಕೊಂಡು ಕೂರಬೇಕಾಯಿತು. ಮಕ್ಕಳಿಗೆ ಕೊಡಲು ಚೌಕಗಳ ಒಗಟು ಸಿಗುತ್ತದೇನೋ ಅಂತ ಒಂದು ಬೆಳಿಗ್ಗೆ ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಕೊರಿಯಾದ ನೇರಪ್ರಸಾರವೊಂದು ತೆರೆದುಕೊಂಡಿತು. ಗೆರೆ ಎಳೆದ ಮರದ ಮಣೆ, ಎರಡು ಬಟ್ಟಲು ಕಪ್ಪು ಬಿಳಿ ಕಲ್ಲು, ಎದುರುಬದುರು ಇಬ್ಬರು ಯುವಕರು. ಅದು ಗೋ ಅನ್ನುವ ಆಟ ಅಂತ ಆಮೇಲೆ ಗೊತ್ತಾಯಿತು. ಆಗ ಗೊತ್ತಾಗಿದ್ದು ಇಷ್ಟೇ: ಅರ್ಧ ಗಂಟೆ ಕಳೆದರೂ ನಾನು ಕಣ್ಣು ಕೀಳಲಿಲ್ಲ, ಏನು ನಡೆಯುತ್ತಿದೆ ಅಂತಲೂ ತಿಳಿಯಲಿಲ್ಲ.

ಪೂಜೆ ಮುಗಿಸಿ ಬಂದ ಅತ್ತೆ ಪಕ್ಕದಲ್ಲಿ ಕೂತರು. ಎಂಬತ್ತರ ಹತ್ತಿರದ ವಯಸ್ಸು. ಚೌಕಾಬಾರದಲ್ಲಿ ಅವರನ್ನು ಸೋಲಿಸಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

"ಯಾರು ಗೆಲ್ತಿದಾರೆ?"

"ಗೊತ್ತಿಲ್ಲ ಅತ್ತೆ."

"ಮತ್ತೆ ಏನ್ ನೋಡ್ತಿದೀಯ?"

ಮೊಬೈಲನ್ನು ಅವರ ಕಡೆ ವಾಲಿಸಿದೆ. ಅತ್ತೆ ಎದ್ದು ಹೋಗಲಿಲ್ಲ. ಕಪ್ಪು ಕಲ್ಲಿನ ಹುಡುಗ ದಪ್ಪ ಕನ್ನಡಕ ಹಾಕಿಕೊಂಡು, ಕೆನ್ನೆಗೆ ಕೈ ಕೊಟ್ಟು ಯೋಚಿಸುತ್ತಿದ್ದ. "ನಮ್ಮ ಕಡೆ ಇವನೇ ಇರಲಿ, ಪಾಪ, ಸರಿಯಾಗಿ ನಿದ್ದೆ ಮಾಡಿಲ್ಲ," ಅಂದರು. ಹಾಗೆ ನಾವಿಬ್ಬರೂ ಕನ್ನಡಕದವನ ಕಡೆಯವರಾದೆವು.

ಪರದೆಯ ಕೆಳಗೆ ಒಂದು ಪಟ್ಟಿ, ಅದರ ಎರಡು ತುದಿಯಲ್ಲೂ ಶೇಕಡಾವಾರು ಅಂಕಿ. ಅದು ಜನ ಹಾಕುತ್ತಿರುವ ಓಟು ಅಂತ ಅತ್ತೆ ತೀರ್ಮಾನಿಸಿದರು. ನಾನೂ ಒಪ್ಪಿಕೊಂಡೆ. ಕನ್ನಡಕದವನ ಕಡೆಯ ಅಂಕಿ ಇಳಿಯುತ್ತಾ ಒಂದಕ್ಕೆ ಬಂದು ನಿಂತಾಗ "ಜನಕ್ಕೆ ಬುದ್ಧಿ ಇಲ್ಲ" ಅಂತ ಬೈದರು.

ಅಷ್ಟರಲ್ಲಿ ಆಟದ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಇಬ್ಬರೂ ಮಾತಾಡತೊಡಗಿದರು. ಕನ್ನಡಕದವನು ಇಟ್ಟ ಕಲ್ಲನ್ನೇ ಎತ್ತಿ ಬೇರೆ ಕಡೆ ಇಟ್ಟ. ಎದುರಿನವನೂ ತನ್ನ ನಾಲ್ಕು ಕಲ್ಲು ತೆಗೆದ.

"ಅಯ್ಯೋ, ವಾಪಸ್ ತಗೊಂಡ! ಹಾಗೆಲ್ಲ ಮಾಡ್ಬಹುದಾ?"

"ನಿಯಮ ಇರ್ಬೇಕು ಅತ್ತೆ."

"ಇದೆಂಥ ನಿಯಮ? ಚೌಕಾಬಾರದಲ್ಲಿ ಹೀಗ್ಮಾಡಿದ್ರೆ ಎಬ್ಬಿಸಿ ಕಳಿಸ್ತಿದ್ವಿ." ಆದರೆ ಹುಡುಗ ನಗುತ್ತಿದ್ದುದರಿಂದ ಅವನೇ ಗೆಲ್ಲುತ್ತಿದ್ದಾನೆ ಅಂತ ನಮಗೆ ಸಮಾಧಾನ. ಮುಕ್ಕಾಲು ಗಂಟೆ ಹಾಗೇ ನೋಡಿದೆವು. ಆಮೇಲೆ ಇಬ್ಬರೂ ತಲೆಬಾಗಿ ಎದ್ದು ಹೋದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಶಾಲೆಯ ಗೆಳತಿಯೊಬ್ಬಳು ತನ್ನ ಅಣ್ಣನ ವಿಷಯ ಹೇಳಿದಳು. ಕಾರ್ಖಾನೆಯಿಂದ ತರಬೇತಿಗೆ ಜಪಾನಿಗೆ ಹೋಗಿದ್ದಾಗ ಗೋ ಕಲಿತವರಂತೆ, ಈಗ ನಿವೃತ್ತರು, ಮನೆ ಮಲ್ಲೇಶ್ವರ. ನಾನೂ ಬರ್ತೀನಿ ಅಂತ ಅತ್ತೆ ಹಟ ಹಿಡಿದರು. ಮೆಟ್ರೊ ಹತ್ತಿ ಇಬ್ಬರೂ ಹೋದೆವು.

ಅವರು ಕಾಫಿ ಕೊಟ್ಟು ನಾವು ನೋಡಿದ್ದನ್ನೆಲ್ಲ ಕೇಳಿಸಿಕೊಂಡರು. ಮೆಲ್ಲಗೆ ಹೇಳಿದರು: "ಅಮ್ಮ, ಅವರು ಮಾತಾಡೋಕೆ ಶುರು ಮಾಡಿದ್ರಲ್ಲ, ಅದಕ್ಕೆ ಮುಂಚೆನೇ ಆಟ ಮುಗ್ದಿತ್ತು. ನಿಮ್ಮ ಹುಡುಗ ಸೋತೆ ಅಂತ ಒಪ್ಕೊಂಡಿದ್ದ. ಆಮೇಲೆ ಇಬ್ರೂ ಸೇರ್ಕೊಂಡು ಎಲ್ಲಿ ತಪ್ಪಾಯ್ತು ಅಂತ ನೋಡ್ತಿದ್ರು." ಆ ಪಟ್ಟಿ ಓಟಲ್ಲ, ಯಾರು ಗೆಲ್ಲಬಹುದು ಅನ್ನುವ ಕಂಪ್ಯೂಟರಿನ ಅಂದಾಜು.

ಅತ್ತೆ ಲೋಟ ಕೆಳಗಿಟ್ಟರು. "ಸೋತು ನಗ್ತಿದ್ನಾ?"

ನನಗೆ ನಾಚಿಕೆಯಾಯಿತು. ಗಣಿತದವಳಾಗಿ ಇಷ್ಟೂ ತಿಳಿಯಲಿಲ್ಲವಲ್ಲ. "ಯಾರು ಮುಂದಿದಾರೆ ಅಂತ ನೋಡಿದ ತಕ್ಷಣ ಹೇಗೆ ಗೊತ್ತಾಗತ್ತೆ ಸರ್?" ಅಂದೆ.

"ಮೂವತ್ತು ವರ್ಷದಿಂದ ಆಡ್ತಿದೀನಿ ಮೇಡಂ. ಎಷ್ಟೋ ಸಲ ನಂಗೂ ಗೊತ್ತಾಗಲ್ಲ."

ಅದನ್ನು ಕೇಳಿ ಧೈರ್ಯ ಬಂತೋ, ಇನ್ನಷ್ಟು ಗೊಂದಲವಾಯಿತೋ, ಈಗಲೂ ಹೇಳಲಾರೆ. ಸುತ್ತಿ ಜಾಗ ಹಿಡಿಯುವುದು, ಎದುರಾಳಿಯ ಕಲ್ಲನ್ನು ನಾಲ್ಕೂ ಕಡೆಯಿಂದ ಮುಚ್ಚಿ ಉಸಿರುಗಟ್ಟಿಸಿ ತೆಗೆಯುವುದು, ಇಷ್ಟನ್ನು ಕಲಿತು ಬಂದೆವು.

ಒಂದು ತಿಂಗಳಾದ ಮೇಲೆ ಕನ್ನಡಕದವನ ಇನ್ನೊಂದು ಪಂದ್ಯ. ಭಾನುವಾರ. ತಿಂಡಿಯ ತಟ್ಟೆ ತೊಳೆಯದೇ ಕೂತೆವು. ಈ ಸಲ ಮಣೆ ತುಂಬುವವರೆಗೂ ಆಡಿದರು. ಇಬ್ಬರೂ ಸುತ್ತಿ ಹಿಡಿದ ಜಾಗವನ್ನು ನಾನು ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು. ಕೊನೆಗೆ ಪರದೆಯ ಮೇಲೆ ಫಲಿತಾಂಶ ಬಂತು: ನಮ್ಮ ಹುಡುಗ ಅರ್ಧ ಅಂಕದಿಂದ ಸೋತಿದ್ದ.

"ಅರ್ಧ ಕಲ್ಲು ಎಲ್ಲಿತ್ತು? ನಾನು ನೋಡ್ಲೇ ಇಲ್ಲ," ಅಂದರು ಅತ್ತೆ.

ಕಪ್ಪು ಮೊದಲು ಆಡುತ್ತದೆ, ಅದಕ್ಕೆ ಬಿಳಿಗೆ ಆರೂವರೆ ಅಂಕ ಹೆಚ್ಚಿಗೆ ಕೊಡುತ್ತಾರೆ, ಆ ಅರ್ಧ ಯಾಕೆಂದರೆ ಆಟ ಸಮ ಆಗಬಾರದು ಅಂತ. ಮಲ್ಲೇಶ್ವರದಲ್ಲಿ ಕೇಳಿದ್ದನ್ನೇ ವಿವರಿಸಿದೆ.

"ಸಮ ಆದ್ರೆ ಏನ್ ತಪ್ಪು? ಇಬ್ರೂ ಖುಷಿಯಾಗಿ ಮನೆಗ್ ಹೋಗ್ತಿದ್ರು."

ತರಗತಿಯಲ್ಲಿ ಯಾರಾದರೂ ಕೇಳಿದ್ದರೆ ಏನೋ ಒಂದು ಹೇಳುತ್ತಿದ್ದೆ. ಅತ್ತೆಯ ಮುಂದೆ ಮಾತ್ರ ನಾಲ್ಕನೇ ಸಲ ಎಣಿಸಲು ಕೂತೆ. ಹೆಸರು ಹೇಳಲೂ ಬಾರದ ಹುಡುಗನೊಬ್ಬ ಯಾವುದೋ ದೇಶದಲ್ಲಿ ಸೋತರೆ ನನಗೇಕೆ ಇಷ್ಟು ಬೇಸರವಾಗಬೇಕು?

"ಮುಂದಿನ ಪಂದ್ಯ ಯಾವತ್ತು?" ಅಂತ ಅತ್ತೆ ಕೇಳಿದರು. ಹುಡುಕಿ ಹೇಳಿದೆ. ಅವತ್ತು ಯಾವುದೋ ಮದುವೆಗೆ ಹೋಗಬೇಕಿತ್ತು. "ಮುಹೂರ್ತಕ್ಕೆ ಹೋಗೋದು ಬೇಡ, ಸಂಜೆ ಆರತಕ್ಷತೆಗೆ ಹೋದ್ರಾಯ್ತು," ಅಂದು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.