ಜೇಬಿನೊಳಗಿನ ಹೂಂ

ದೊಡ್ಡಮ್ಮನ ದನಿ ಇರುವ ರೆಕಾರ್ಡಿಂಗ್ ನನ್ನ ಬಳಿ ಒಂದೇ ಇದೆ. ಹನ್ನೊಂದು ನಿಮಿಷದ್ದು. ಮೂಗೂರಿನ ಅವಳ ಮನೆಯ ಜಗಲಿಯಲ್ಲಿ, ನನ್ನ ಫೋನಿನಲ್ಲಿ ಮಾಡಿದ್ದು. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನ ವರದಿಗಾರಿಕೆ ನನ್ನದು. ಅಂದು ನಾಲೆ ನೀರಿನ ಸುದ್ದಿಗೆಂದು ಆ ಕಡೆ ಹೋದವನು ಮಧ್ಯಾಹ್ನದ ಊಟಕ್ಕೆ ಅವಳಲ್ಲಿಗೆ ಹೋಗಿದ್ದೆ.

ಅವಳ ದನಿ ಚಿಕ್ಕದು. ಹಸು ಅಟ್ಟುವಾಗಲೂ ಏರುತ್ತಿರಲಿಲ್ಲ. ಊಟದ ಮೇಲೆ ಅಜ್ಜಿಯ ಮಾತು ಬಂತು. ಅಜ್ಜಿ ಸತ್ತಾಗ ದೊಡ್ಡಮ್ಮನಿಗೆ ಎಂಟು ವರ್ಷ, ನನ್ನ ಅವ್ವ ಹಾಲು ಕುಡಿಯುವ ಕೂಸು. ಅವ್ವನಿಗೆ ತನ್ನ ತಾಯಿಯ ಮುಖ ಗೊತ್ತಿಲ್ಲ, ಒಂದು ಫೋಟೊ ಕೂಡ ಇಲ್ಲ. ಅಜ್ಜಿಯನ್ನು ಕಂಡು ನೆನಪಿಟ್ಟುಕೊಂಡವಳು ದೊಡ್ಡಮ್ಮ ಒಬ್ಬಳೇ. ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದು ಹೇಳಿ ಫೋನನ್ನು ಅವಳ ಎದುರಿಗಿಟ್ಟೆ.

“ಅದ ಕಣ್ಮುಂದಿಂದ ತಗಿಲಾ ಮಗ. ಇಲಿ ಕುಂತಂಗೆ ಕುಂತದೆ,” ಎಂದಳು.

ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ನಮ್ಮ ಕಡೆ ಯಾರಾದರೂ ಕತೆ ಹೇಳಿದರೆ ಕೇಳುವವರು ಹೂಂಗುಟ್ಟಬೇಕು. ಇಲ್ಲದಿದ್ದರೆ ಮಾತು ಮುಂದೆ ಹೋಗುವುದಿಲ್ಲ. ಎರಡು ವಾಕ್ಯ ನಾನು ಸುಮ್ಮನಿದ್ದದ್ದಕ್ಕೇ, “ಹೂಂ ಅನ್ಲಾ, ನಾನೇನು ಗ್ವಾಡೆಗೆ ಯೋಳ್ತಾ ಇದ್ದೀನಾ?” ಎಂದು ಗದರಿದಳು. ಅಲ್ಲಿಂದಾಚೆ ತಪ್ಪದೆ ಹೂಂಗುಟ್ಟಿದೆ. ಒಂದೊಂದು ಹೂಂ ಕೂಡ ಎದೆಯಿಂದ ನೇರ ಫೋನಿಗೆ ಹೋಯಿತು.

ಕಳೆದ ಮಳೆಗಾಲದಲ್ಲಿ ದೊಡ್ಡಮ್ಮ ತೀರಿಕೊಂಡಳು. ತಿಥಿ ಮುಗಿಸಿ ನಂಜನಗೂಡಿಗೆ ಮರಳಿದ ಮೇಲೆ “ನಮ್ಮಕ್ಕ ಮಾತಾಡಿದ್ದ ಆಕು,” ಎಂದಳು ಅವ್ವ. ಅವಳಿಗೆ ಒಂದು ಕಿವಿ ಮಂದ. ದನಿ ಪೂರ್ತಿ ಏರಿಸಿ ಕೊಟ್ಟೆ. ನನ್ನ ಮೊದಲ ಹೂಂಗೇ ಬೆಚ್ಚಿ ಫೋನನ್ನು ದೂರ ಹಿಡಿದಳು. ದೂರ ಹಿಡಿದರೆ ಅಕ್ಕನ ಮಾತು ಕೇಳಿಸುವುದಿಲ್ಲ.

“ಬರೀ ನಿನ್ನ ಗೂಳಿ ಗುಟುರೇ ಆಯ್ತಲ್ಲ. ನಮ್ಮಕ್ಕ ಎಲ್ಲವ್ಳೆ?”

ಅದರಲ್ಲಿ ಇರುವುದನ್ನು ನಾನೇ ಹೇಳಿದೆ. ನಾಟಿಗೆ ಹೋದಾಗ ಅಜ್ಜಿ ಬದುವಿನ ಹೊಂಗೆಮರಕ್ಕೆ ಸೀರೆಯ ಜೋಲಿ ಕಟ್ಟಿ ಅವ್ವನನ್ನು ಮಲಗಿಸುತ್ತಿದ್ದಳು. ತೂಗುವ ಕೆಲಸ ದೊಡ್ಡಮ್ಮನದು. ಒಂದು ಸಾಲು ಮುಗಿದಾಗಲೆಲ್ಲ ಅಜ್ಜಿ ಕೆಸರುಕಾಲಲ್ಲೇ ಬಂದು ನೋಡಿಹೋಗುತ್ತಿದ್ದಳು.

“ಪೇಪರ್ ಓದ್ದಂಗೆ ಓದ್ಬೇಡ. ಅವಳ ಬಾಯಲ್ಲಿ ಕೇಳ್ಬೇಕು ನಾನು,” ಎಂದಳು ಅವ್ವ.

ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿದೆ. ಪರದೆಯ ಮೇಲೆ ದನಿ ಗೆರೆಯಾಗಿ ಕಾಣುತ್ತದೆ. ನನ್ನ ಹೂಂಗಳು ತೆಂಗಿನಮರದ ಎತ್ತರ, ದೊಡ್ಡಮ್ಮನ ಮಾತು ಆಗಷ್ಟೇ ಮೊಳೆತ ಪೈರು. ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ಹೂಂಗಳು ಮೇಲಿನ ಅಂಚಿಗೆ ಬಡಿದು ತಲೆ ಚಪ್ಪಟೆಯಾಗಿ, ಹರಿದ ಸ್ಪೀಕರಿನಂತೆ ಒಡೆದುಹೋದವು. ತಿ. ನರಸೀಪುರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಪರಿಚಯದವನ ಬಳಿಗೆ ಹೋದೆ. ಎರಡು ನಿಮಿಷ ಕೇಳಿ ಹೆಡ್‌ಫೋನ್ ತೆಗೆದ.

“ಸಾ, ನಿಮ್ಮನ್ನ ಇಳಿಸ್ದೆ ಅಮ್ಮಾರ್ನ ಏರ್ಸಕಾಗಲ್ಲ. ನಿಮ್ಮ ಊಂ ಎಲ್ಲ ಕಿತ್ತಾಕ್ಬುಡ್ಲಾ?”

“ಬೇಡ. ಒಬ್ಬಳೇ ಕೂತು ಮಾತಾಡ್ದಂಗಾಗುತ್ತೆ.”

“ಅಂಗಾರೆ ಒಂದೊಂದನ್ನೂ ಇಡ್ದು ತಗ್ಗಿಸ್ಬೇಕು. ತಾಳ್ಮೆ ಇರೋರ ಕೆಲ್ಸ ಅದು. ನೀವು ನ್ಯೂಸ್‌ನೋರು, ನಿಮ್ಗಾಯ್ತದಾ?” ಎಂದು ನಕ್ಕ.

ತೋರಿಸಿಕೊಟ್ಟ. ಮನೆಗೆ ಬಂದು ನಾಲ್ಕು ಭಾನುವಾರ ಕೂತು ನನ್ನ ಹೂಂಗಳನ್ನು ಒಂದೊಂದಾಗಿ ತಗ್ಗಿಸಿದೆ. ಅವು ತಗ್ಗಿದಷ್ಟೂ ದೊಡ್ಡಮ್ಮನಿಗೆ ಮೇಲೆ ಜಾಗ ಸಿಕ್ಕಿತು. ಅವಳನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆ. ಜೇಬಿನ ಬಟ್ಟೆಯ ಸರಸರವೂ ಜೊತೆಗೆ ಏರಿತು. ಅದನ್ನು ಪೂರ್ತಿ ಅಳಿಸಹೋದರೆ ಅವಳ ಮಾತಿನ ಕೊನೆಗಳು ಸವೆಯುತ್ತಿದ್ದವು, ಅರ್ಧಕ್ಕೆ ಬಿಟ್ಟೆ.

ಎಂಟನೆಯ ನಿಮಿಷದಲ್ಲಿ, ಮೊದಲು ನನ್ನ ಗಮನಕ್ಕೆ ಬಾರದಿದ್ದ ಒಂದು ಜಾಗ ಸಿಕ್ಕಿತು. “ಜ್ವರದಲ್ಲಿ ಮಲ್ಗಿದ್ಲು ನಮ್ಮವ್ವ. ನನ್ನ ಕರದ್ಲು. ಕೂಸ ನನ್ನ ಮಡ್ಲಿಗೆ ಆಕುದ್ಲು. ಆಕ್ಬುಟ್ಟು...” ಎಂದು ದೊಡ್ಡಮ್ಮ ನಿಲ್ಲುತ್ತಾಳೆ. ಉಸಿರು ಎಳೆದುಕೊಳ್ಳುತ್ತಾಳೆ. ಅಲ್ಲಿ ನನ್ನ ಹೂಂ ಬೀಳುತ್ತದೆ. ಅಂದು ಮಧ್ಯಾಹ್ನ ಮೂರು ಗಂಟೆಯೊಳಗೆ ನಾಲೆಯ ಸುದ್ದಿ ಕಳಿಸಬೇಕಿತ್ತು, ಆ ಅವಸರ ಹೂಂನಲ್ಲಿ ಕೇಳಿಸುತ್ತದೆ. “ಆಮೇಕೆ ನಮ್ಮಿಬ್ರುನೂ ಸ್ವಾದರಮಾವ ಬನ್ನೂರ್ಗೆ ಕರ್ಕಂಡೋದ,” ಎನ್ನುತ್ತಾಳೆ ದೊಡ್ಡಮ್ಮ.

ಆ ಹೂಂ ತಗ್ಗಿಸಿದೆ. ಅದರ ಹಿಂದೆ ಏರಿಸಲು ಮಾತು ಇರಲಿಲ್ಲ. ಉಸಿರನ್ನೇ ಏರಿಸಿದೆ. ಆ ಜಾಗವನ್ನು ಕತ್ತರಿಸಿ ಹಿಂದುಮುಂದಿನ ವಾಕ್ಯಗಳನ್ನು ಕೂಡಿಸಿಬಿಟ್ಟರೆ ಅವ್ವನಿಗೆ ತಿಳಿಯುವುದಿಲ್ಲ ಎಂದೂ ಅನ್ನಿಸಿತು. ಕತ್ತರಿಸಲಿಲ್ಲ.

ಐದನೆಯ ಭಾನುವಾರ ಮಧ್ಯಾಹ್ನ ಅವ್ವ ಫೋನನ್ನು ಒಳ್ಳೆಯ ಕಿವಿಗೆ ಹಿಡಿದು ಕೇಳಿದಳು. ಈ ಸಲ ದೂರ ಹಿಡಿಯಲಿಲ್ಲ. ಜೋಲಿಯ ಮಾತು ಬಂದಾಗ, “ಕೆಸರ್ಕಾಲಲ್ಲೇ ಬತ್ತಿದ್ಲಂತೆ,” ಎಂದು ತನಗೆ ತಾನೇ ಹೇಳಿಕೊಂಡಳು. ಎಂಟನೆಯ ನಿಮಿಷ ದಾಟಿತು.

“ವಸಿ ಇಂದಕ್ಕೋಗು.”

ಹಿಂದಕ್ಕೆ ಹೋದೆ. ಕೇಳಿದಳು.

“ಏನೋ ಯೋಳಕ್ಕೆ ಬಾಯ್ ತಗದ್ಲು ಅಕ್ಕ. ನಮ್ಮವ್ವ ಏನಂದ್ಲಂತೆ?”

“ನಾನು ಕೇಳ್ಲಿಲ್ಲ ಕಣವ್ವ.”

ಅವ್ವ ಬೈಯಲಿಲ್ಲ. “ಇನ್ನೊಂದ್ಸತಿ ಆಕು,” ಎಂದಳು.

ಹಾಕಿದೆ. ದೊಡ್ಡಮ್ಮ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವ್ವ, ಸುಮ್ಮನಿರು ಎನ್ನುವ ಹಾಗೆ, ನನ್ನ ಮುಖದ ಮುಂದೆ ಅಂಗೈ ಎತ್ತಿದಳು. ನಾನು ಬಾಯಿ ತೆರೆದಿರಲಿಲ್ಲ.