ಬಿಸಿನೀರಿಗೆ ಬಿದ್ದ ಬಿಲ್ಲೆ

ತ್ಯಾಗಲಿ ಊರಿನ ಕಡೆ ಯಾರ ಮನೆ ಹಸು ಬೆದೆಗೆ ಬಂದರೂ ಮೊದಲ ಫೋನು ಹೋಗುವುದು ಇಂಜೆಕ್ಷನ್ ಚನ್ನಯ್ಯನಿಗೆ. ಇಪ್ಪತ್ತಾರು ವರ್ಷದಿಂದ ಬೈಕಿಗೆ ದ್ರವ ಸಾರಜನಕದ ಕ್ಯಾನು ಕಟ್ಟಿಕೊಂಡು ತಿರುಗುವ ಮನುಷ್ಯ. ಆ ಕೊರೆಯುವ ಚಳಿಯೊಳಗೆ ಹೋರಿಯ ವೀರ್ಯ ತುಂಬಿದ ಕಡ್ಡಿಗಳಿರುತ್ತವೆ. ಕಡ್ಡಿಯನ್ನು ಚಿಮಟದಲ್ಲಿ ಎತ್ತಿದವನೇ ಉಗುರುಬೆಚ್ಚಗಿನ ನೀರಿಗೆ ಅದ್ದಬೇಕು, ತಡವಾದರೆ ಕೆಲಸ ಕೆಟ್ಟಿತು. ಕ್ಯಾನಿನ ಮುಚ್ಚಳ ತೆಗೆಯುವ ಮೊದಲು ಬಿಸಿನೀರು ಪಕ್ಕದಲ್ಲಿರದಿದ್ದರೆ ಅವನಿಗೆ ಕೈಯೇ ಓಡುವುದಿಲ್ಲ.

ಮಗಳು ರಕ್ಷಿತಾ ಶಿರಸಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಪಾಠ ಮುಗಿದ ಮೇಲೆ ತಾಮ್ರದ್ದು, ಬೇರಿಯಮ್ಮಿನದು ಅಂತ ಏನೇನೋ ಪುಡಿ ಅರೆದು, ಒತ್ತಿ, ಕುಲುಮೆಯಲ್ಲಿ ಸುಟ್ಟು ಬಿಲ್ಲೆ ಮಾಡುವ ಹುಚ್ಚು ಅವಳಿಗೆ.

"ಸುಮ್ನಿದ್ರೆ ಇದ್ರಲ್ಲಿ ಕರೆಂಟು ಹರಿಯೂದೇ ಕಷ್ಟ ಅಪ್ಪಾ. ಸುಡುವಾಗ ಹದವಾಗಿ ಆಮ್ಲಜನಕ ಸೇರ್ಸಿದ್ರೆ, ನಿನ್ನ ಕ್ಯಾನಿನ ಚಳಿಯಲ್ಲಿ ಒಂಚೂರೂ ತಡೆ ಇಲ್ದೇ ಹರೀತದೆ. ಮೇಲೆ ಅಯಸ್ಕಾಂತ ಇಟ್ರೆ ತೇಲ್ತದೆ!"

"ತೇಲ್ತದಂತೆ! ಯಾರ ಹತ್ರ ಹೇಳ್ತೀಯೇ?" ಎಂದು ಚನ್ನಯ್ಯ ನಕ್ಕಿದ್ದ.

ಮೊದಲೆರಡು ಬಿಲ್ಲೆ ಅಯಸ್ಕಾಂತವನ್ನು ತೇಲಿಸಲಿಲ್ಲ. ಮುರಿದು ನೋಡಿದರೆ ಒಳಗೆ ಬೇಯದ ಹಸಿರು. ಮೂರನೆಯದು ಹೊರಗೇನೋ ಒಳ್ಳೇ ಕಪ್ಪಗಿತ್ತು. ಒಳಗೆ? ಮುರಿಯಲು ಮನಸ್ಸು ಬಾರದು, ಮುರಿಯದೆ ಸಮಾಧಾನವಿಲ್ಲ. ಪುಡಿಯೂ ಮುಗಿದಿತ್ತು, ಇದು ಕೆಟ್ಟರೆ ಮೂರು ತಿಂಗಳ ದುಡಿತ ನೀರುಪಾಲು.

ಭಾನುವಾರ ಬೆಳಿಗ್ಗೆ ಚನ್ನಯ್ಯ ಕ್ಯಾನು ಹೊತ್ತು ಕಾಲೇಜಿಗೆ ಬಂದ. ಬಟ್ಟಲಲ್ಲಿಟ್ಟ ಬಿಲ್ಲೆಯ ಮೇಲೆ ಸಾರಜನಕ ಸುರಿದ. ಬುಸುಬುಸು ಹೊಗೆಯೆದ್ದು, ಕುದಿತ ನಿಂತಿತು.

"ಆ ಅಗಲ ಬಟ್ಟಲಿಗೆ ಹಾಕು ಅಪ್ಪಾ, ಅಯಸ್ಕಾಂತ ತರ್ತೆ" ಎಂದು ರಕ್ಷಿತಾ ಕಪಾಟಿನತ್ತ ತಿರುಗಿದಳು.

ಚನ್ನಯ್ಯ ಚಿಮಟದಲ್ಲಿ ಬಿಲ್ಲೆ ಎತ್ತಿದ. ಅಯ್ಯೋ, ಆ ಕೈ! ಅದಕ್ಕೆ ಬಿಲ್ಲೆಯೇನು, ಕಡ್ಡಿಯೇನು? ರೂಢಿಯಂತೆ ಇಟ್ಟುಕೊಂಡಿದ್ದ ಬಿಸಿನೀರಿಗೆ ಸೀದಾ ಅದ್ದಿಬಿಟ್ಟಿತು.

ಟಪ್! ಬಿಲ್ಲೆ ಎರಡು ಹೋಳು.

ಚನ್ನಯ್ಯ ಗಾಬರಿಯಲ್ಲಿ ನೀರಿಗೆ ಕೈ ಹಾಕಿ ಹೋಳುಗಳನ್ನು ತಡಕಿದ. "ಎಂತಾ ಕೆಲ್ಸ ಮಾಡ್ಬಿಟ್ನೇ ಮಗಾ! ಈ ಕೈ ಕಡಿದು ಹಾಕ್ಬೇಕು!"

ರಕ್ಷಿತಾ ಓಡಿಬಂದಳು. ಹೋಳುಗಳನ್ನು ಎತ್ತಿ ಒರೆಸಿದಳು. ಮುರಿದ ಮೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು, ಮತ್ತೆ ಹಿಡಿದಳು. ಇನ್ನೇನು ಅಳುತ್ತಾಳೆಂದು ಚನ್ನಯ್ಯನಿಗೆ ತಾನೇ ಅಳುವಂತಾಯಿತು.

"ಅಪ್ಪಾ, ಸುರಿ" ಎಂದಳು.

ಮುರಿದ ಮೈ ಮೇಲಾಗಿ ಹೋಳುಗಳನ್ನಿಟ್ಟಳು. ಅವನು ಸುರಿದ. ಕುದಿತ ನಿಂತ ಮೇಲೆ, ಕಡಲೆಕಾಳಿನಷ್ಟು ಅಯಸ್ಕಾಂತವನ್ನು ಒಂದರ ಮೇಲೆ ಬಿಟ್ಟಳು. ಅದು ಗಾಳಿಯಲ್ಲೇ ನಿಂತಿತು! ಇನ್ನೊಂದರ ಮೇಲೂ ನಿಂತಿತು. ಬೆರಳಿಂದ ತಟ್ಟಿದರೆ ಅಲ್ಲೇ ಗರಗರ ತಿರುಗಿತು. ಚನ್ನಯ್ಯ ಬಾಯಿ ತೆರೆದವನು ಮುಚ್ಚಲಿಲ್ಲ.

ರಕ್ಷಿತಾ ಕುಣಿಯುತ್ತಲೇ ತನ್ನ ಮೇಷ್ಟ್ರು ರವೀಂದ್ರರಿಗೆ ಫೋನು ಹಚ್ಚಿದಳು. "ಸರ್, ಆಯ್ತು ಸರ್! ಒಳಗೂ ಪೂರಾ ಕಪ್ಪು, ಒಂದು ಚುಕ್ಕೆ ಹಸಿರಿಲ್ಲ!"

"ಒಳಗಿಂದು ಹೆಂಗೆ ಗೊತ್ತಾಯ್ತಮ್ಮಾ? ಮುರಿಯೂಕೆ ಧೈರ್ಯ ಇಲ್ಲ ಅಂತಿದ್ಯಲ್ಲ?"

ರಕ್ಷಿತಾ ಅಪ್ಪನ ಒದ್ದೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಂಗಿಲ್ಲ ಸರ್. ನಮ್ಮಪ್ಪ ಮುರಿದು ತೋರ್ಸಿದ."