ಲೊರೆಟ್‌ಳ ಉಗ್ರಾಣದ ರೇಡಿಯೊ

ನಿಮ್ಮ ಊರಿನ ಹೆಸರು ಹೇಳಿಕೊಂಡು ರೇಡಿಯೊದಲ್ಲಿ ಮಾತಾಡುವ ಬಹುಪಾಲು ಜನ ನಿಮ್ಮ ಊರನ್ನು ಕಣ್ಣಾರೆ ಕಂಡವರಲ್ಲ. ಇದು ಗೊತ್ತಿದ್ದೂ ಎಲ್ಲರೂ ಸುಮ್ಮನಿರುತ್ತೇವೆ. ಅಮೆರಿಕದ ಉತ್ತರ ಮೇನ್‌ನಲ್ಲಿ, ಕೆನಡಾ ಗಡಿಗಂಟಿದ, ಮನೆಯಲ್ಲಿ ಫ್ರೆಂಚ್ ಮಾತಾಡುವ ಸೇಂಟ್ ಜಾನ್ ಕಣಿವೆಯವರೂ ಸುಮ್ಮನಿದ್ದರು. ಅವರ ರೇಡಿಯೊವನ್ನು ದೂರದ ಕಂಪನಿಯೊಂದು ಕೊಂಡು, ಇದ್ದವರನ್ನೆಲ್ಲ ಮನೆಗೆ ಕಳಿಸಿ, ರೆಕಾರ್ಡು ಮಾಡಿದ ದನಿಯೊಂದನ್ನು ಕೂರಿಸಿತು. ಹೊರಗೆ ಹಿಮ ಮೊಣಕಾಲು ಮುಟ್ಟಿದ್ದರೂ ಆ ದನಿಗೆ ಹವೆ ದಿನವೂ ಹಿತವಾದದ್ದೇ. ಅದನ್ನೂ ಸಹಿಸಬಹುದು. ಆದರೆ ಆಲೂಗಡ್ಡೆ ಕೊಯ್ಲಿನ ಕೂಗೇ ನಿಂತುಹೋಯಿತು! ಇವತ್ತು ಯಾರ ಹೊಲದಲ್ಲಿ ಅಗೆತ, ಯಾರ ಹೊಲಕ್ಕೆ ಮಳೆ ಬಿದ್ದು ರಜೆ ಎಂದು ನಸುಕಿನಲ್ಲಿ ಹೇಳುತ್ತಿದ್ದ ಕೂಗು ಅದು. ಅದನ್ನು ಕೇಳಿಯೇ ಕಣಿವೆ ಬೂಟು ಹಾಕಿಕೊಳ್ಳುತ್ತಿತ್ತು.

ಸುಮ್ಮನಿರಲಾರದವಳು ಲೊರೆಟ್ ಮಿಶೋ, ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದವಳು. ಉಗ್ರಾಣದ ಒಂದು ಹಲಗೆ ಖಾಲಿ ಮಾಡಿ, ಉಪ್ಪಿನಕಾಯಿ ಜಾಡಿಗಳ ನಡುವೆ ಮೈಕು, ಕಂಪ್ಯೂಟರು ಇಟ್ಟಳು. ದನಿ ಮಾರ್ದನಿಸದಂತೆ ಗೋಡೆಗೆ ಕೌದಿ ಹೊದಿಸಿದಳು. ಇಂಟರ್ನೆಟ್ ರೇಡಿಯೊ ಶುರುವಾಯಿತು.

"ಏನೇ, ಉಪ್ಪಿನಕಾಯಿಗೆ ಹಾಡು ಕೇಳಿಸ್ತಿದೀಯಾ?" ಎಂದ ಗಂಡ ರೇಯಾಲ್.

"ನಿನಗಿಂತ ಚೆನ್ನಾಗಿ ಕೇಳಿಸ್ಕೊತವೆ ಬಿಡು."

ಊರಿಗೆಲ್ಲ ಮತಾಂತ್, ಅಂದರೆ ಚಿಕ್ಕಮ್ಮ, ಆಗಿದ್ದ ಮುದುಕಿ ಎಕ್ಸಿಲ್ಡಾಳಿಂದ ಫೋನು ಬಂತು. "ಲೊರೆಟ್, ಬೆಳಗಿಂದ ಗುಂಡಿ ತಿರುಗಿಸಿ ತಿರುಗಿಸಿ ಕೈ ನೋವು ಬಂತು. ಕೆನಡಾದವರೆಲ್ಲ ಸಿಕ್ಕಿದ್ರು, ನೀನೊಬ್ಳು ಸಿಗ್ತಿಲ್ಲ!"

"ಅದು ಆ ಪೆಟ್ಟಿಗೇಲಿ ಬರಲ್ಲ ಮತಾಂತ್. ಫೋನಲ್ಲಿ ಬರತ್ತೆ."

"ಫೋನಲ್ಲಿ ಬರೋದಾದ್ರೆ ನೀನು ಫೋನೇ ಮಾಡ್ಬಹುದಿತ್ತಲ್ಲೇ?"

ಲೊರೆಟ್ ಮನೆಮನೆ ಹತ್ತಿಳಿದಳು. ಎಲ್ಲರ ಫೋನಿನಲ್ಲೂ ತನ್ನ ರೇಡಿಯೊ ಹಾಕಿಕೊಟ್ಟಳು. ಹೂಂ ಎಂದವರು ನಿಜವಾಗಿ ಕೇಳುತ್ತಾರೋ ಇಲ್ಲವೋ, ಅವಳಿಗೆ ಗೊತ್ತಾಗುವಂತಿರಲಿಲ್ಲ.

ಕೊಯ್ಲು ಬಂತು. ಒಂದು ಸಂಜೆ ರೈತ ಕ್ಲೋವಿಸ್ ಡೈಗಲ್ ಬಂದು ಬಾಗಿಲಲ್ಲೇ ನಿಂತ. "ನಾಳೆ ರಾತ್ರಿ ಹೊಲ ಹೆಪ್ಪುಗಟ್ಟತ್ತಂತೆ. ಹಗಲಲ್ಲೇ ಅಗೀದಿದ್ರೆ ನನ್ನ ಬೆಳೆ ಮಣ್ಣುಪಾಲು. ನಿನ್ನ ಜಾಡಿ ರೇಡಿಯೊ ಯಾರು ಕೇಳ್ತಾರೋ ದೇವರೇ ಬಲ್ಲ. ಆದ್ರೂ ಒಂದ್ಸಲ ಹೇಳ್ನೋಡು."

ಅವನ ಬೆಳೆ ಈಗ ಅವಳ ನಾಲಗೆಯ ಮೇಲಿತ್ತು. ಅದಕ್ಕೇ ಹೆದರಿ, ನಸುಕಿನಲ್ಲಿ ಮೈಕಿನ ಮುಂದೆ ಪಟ್ಟಣದವರ ದನಿ ಎರವಲು ತಂದು, ಇಸ್ತ್ರಿ ಹಾಕಿದ ಇಂಗ್ಲಿಷಿನಲ್ಲಿ ಓದಿದಳು: "ಶ್ರೀ ಕ್ಲೋವಿಸ್ ಡೈಗಲ್ ಅವರ ಹೊಲದಲ್ಲಿ ಇಂದು ಅಗೆತವಿರುತ್ತದೆ."

ಸ್ವಲ್ಪ ಹೊತ್ತಿಗೆ ಕ್ಲೋವಿಸ್ ಫೋನಿನಲ್ಲಿ ಅರಚಿದ. "ಹೊಲದಲ್ಲಿ ನಾನು, ನನ್ನ ನಾಯಿ, ಇಬ್ರೇ ಇದೀವಿ!"

"ಜನ ಬರ್ಲಿಲ್ವಾ?"

"ಬಂದಿದಾರೆ, ಎಡ್ಮಂಡನ ಕ್ಲೋವಿಸ್ ಹೊಲಕ್ಕೆ! ಮನೆ ಬಾಗಿಲಿಗೆ ಬಂದವರನ್ನ ಬೇಡ ಅನ್ನಕ್ಕಾಗತ್ತಾ ಅಂತಾನೆ ಆ ಕಳ್ಳ. ಎಲ್ಲರ ಕೈಗೂ ಬುಟ್ಟಿ ಕೊಟ್ಟು ಬಗ್ಗಿಸಿಬಿಟ್ಟಿದಾನೆ!"

ಕಣಿವೆಯಲ್ಲಿ ಆ ಹೆಸರಿನ ರೈತರು ಇಬ್ಬರು; ಬರೀ ಕ್ಲೋವಿಸ್ ಡೈಗಲ್ ಎಂಬ ಮನುಷ್ಯನೇ ಇಲ್ಲ. ಅಪ್ಪನ ಹೆಸರು, ಅಜ್ಜನ ಹೆಸರು ಸೇರಿದರೇ ಅಲ್ಲಿ ಮನುಷ್ಯ ಪೂರ್ತಿಯಾಗುವುದು. ಇದು ಲೊರೆಟ್‌ಗೆ ತೊಟ್ಟಿಲಿನಿಂದ ಗೊತ್ತು. ಎರವಲು ದನಿ ಮರೆಸಿತ್ತು. ನಗು ಬಂತು. ಜನ ಕೇಳುತ್ತಿದ್ದಾರೆ! ಆದರೆ ಇವತ್ತು ಈ ಬೆಳೆ ಹೋದರೆ ನಾಳೆ ಒಬ್ಬನೂ ಕೇಳುವುದಿಲ್ಲ.

ಮೈಕು ಎಳೆದುಕೊಂಡು, ಇಂಗ್ಲಿಷು ಕಲಸಿದ ಕಣಿವೆಯ ಫ್ರೆಂಚಿನಲ್ಲೇ ಕೂಗಿದಳು: "ಏಯ್, ಕೇಳ್ರಪ್ಪಾ, ತಪ್ಪು ನಂದು! ಎಡ್ಮಂಡನ ಕ್ಲೋವಿಸ್ ಅಲ್ಲ, ಮಗ್ಲುವಾರಜ್ಜನ ಮಗ ಫ್ರೆಡ್ಡನ ಕ್ಲೋವಿಸ್! ಚರ್ಚಿನ ಹಿಂದಿನ ದಿಬ್ಬ! ಎಡ್ಮಂಡನ ಕ್ಲೋವಿಸ್, ನೀನೂ ಕೇಳ್ತಿದೀಯಾ ಅಂತ ಗೊತ್ತು ಕಣೋ. ಮರ್ಯಾದೆಯಾಗಿ ಜನಾನ ಬುಟ್ಟಿ ಸಮೇತ ಬಿಟ್ಟುಕೊಡು. ಇಲ್ಲಾಂದ್ರೆ ಶಾಲೇಲಿ ನೀನು ಕದ್ದು ತಿಂದಿದ್ದೆಲ್ಲಾ ಈಗ್ಲೇ ಹೇಳ್ತೀನಿ!"

ಹೊಲದಂಚಿನ ಟ್ರಕ್ಕಿನಲ್ಲಿ ಹಾಡುತ್ತಿದ್ದ ಫೋನಿನಿಂದ ಇದು ಹೊರಬಿದ್ದಾಗ, ಬಗ್ಗಿದ್ದ ಜನ ಎದ್ದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ದಿಬ್ಬ ಹತ್ತಿದರು. ಅವರ ಹಿಂದೆ, ಕಣಿವೆಯೆಲ್ಲ ಕೇಳಿಬಿಟ್ಟಿದ್ದರಿಂದ ಬೇರೆ ದಾರಿಯಿಲ್ಲದೆ, ಎಡ್ಮಂಡನ ಕ್ಲೋವಿಸ್ ತನ್ನ ಟ್ರ್ಯಾಕ್ಟರನ್ನೂ ತಂದ. ಕತ್ತಲಾಗುವಷ್ಟರಲ್ಲಿ ಕೊನೆಯ ಬುಟ್ಟಿಯೂ ಫ್ರೆಡ್ಡನ ಕ್ಲೋವಿಸ್‌ನ ಕಣಜ ಸೇರಿತು. ಆ ರಾತ್ರಿ ಹೆಪ್ಪುಗಟ್ಟಿದ್ದು ಬರಿ ಮಣ್ಣು.

ಲೊರೆಟ್ ಆಮೇಲೆ ಆ ಇಸ್ತ್ರಿ ದನಿಯನ್ನು ಮುಟ್ಟಲಿಲ್ಲ. ನಿಮ್ಮ ಊರಿನ ರೇಡಿಯೊ ಯಾರ ಕೈಲಿದೆ, ಅದರಲ್ಲಿ ಯಾರ ದನಿಯಿದೆ? ಗೊಣಗಬೇಡಿ. ಮನೆಯ ಒಂದು ಮೂಲೆ ಖಾಲಿ ಮಾಡಿ, ನಾಳೆ ಬೆಳಿಗ್ಗೆ ನಿಮ್ಮ ಬಾಯಲ್ಲೇ ನಿಮ್ಮ ಊರಿನ ಸುದ್ದಿ ಹೇಳಿ.